ಹಳೇ ಬುಲೆಟ್‌ನ ಕ್ಲಚ್ ಜಾರುತ್ತಿದೆಯಾ? ಹೊಸ ಪ್ಲೇಟ್ ತರುವ ಮೊದಲು ಡ್ರಮ್ಮಿನ ಕಚ್ಚು ನೋಡಿ

ನಮ್ಮ ಮನೆಯಲ್ಲಿರುವುದು 1979ರ ಬುಲೆಟ್ 350. ಅಪ್ಪ ಓಡಿಸುತ್ತಿದ್ದ ಗಾಡಿ, ಈಗ ನನ್ನ ಕೈಯಲ್ಲಿದೆ. ಒಮ್ಮೆ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಶಬ್ದ ಮಾತ್ರ ಏರುತ್ತಿತ್ತು, ಗಾಡಿ ಮುಂದಕ್ಕೆ ಎಳೆಯುತ್ತಿರಲಿಲ್ಲ. ಹೇಗೋ ಕೊಟ್ಟಿಗೆಹಾರ ಮುಟ್ಟಿ, ಮರುದಿನ ಗ್ಯಾರೇಜಿಗೆ ಕೊಟ್ಟೆ. ಹೊಸ ಪ್ಲೇಟ್ ಹಾಕಿ ಕೊಟ್ಟರು. ಜಾರುವುದು ನಿಂತಿತು, ಆದರೆ ನಾಲ್ಕು ತಿಂಗಳೊಳಗೆ ಇನ್ನೊಂದು ಕಾಟ ಶುರುವಾಯಿತು: ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಕ್ಲಚ್ ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆ ತಳ್ಳುತ್ತದೆ. ಈ ಸಲ ನಾನೇ ಬಿಚ್ಚಿ ನೋಡಿದೆ. ಪ್ಲೇಟ್ ಚೆನ್ನಾಗಿಯೇ ಇತ್ತು. ಪ್ಲೇಟುಗಳು ಕೂರುವ ಬಟ್ಟಲಿನಂಥ ಕ್ಲಚ್ ಡ್ರಮ್ಮಿನ ಅಂಚುಗಳಲ್ಲಿ ಮಾತ್ರ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಕಚ್ಚು ಬಿದ್ದಿತ್ತು. ಹೊಸ ಪ್ಲೇಟ್ ಹಾಕಿದವರು ಅದನ್ನು ಮುಟ್ಟಿಯೇ ಇರಲಿಲ್ಲ.

ಆವತ್ತಿನಿಂದ ಇಲ್ಲಿಯವರೆಗೆ ನನ್ನದು ಮತ್ತು ಗೆಳೆಯರದು ಸೇರಿ ಹಲವು ಹಳೇ ಬುಲೆಟ್‌ಗಳ ಕ್ಲಚ್ ಬಿಚ್ಚಿ ಕೂರಿಸಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಬಲಗಾಲಿನಲ್ಲಿ ಗೇರ್ ಇರುವ, ನಾಲ್ಕು ಗೇರಿನ, ಕ್ಯಾಸ್ಟ್ ಐರನ್ ಇಂಜಿನ್‌ನ 346 ಸಿಸಿ ಬುಲೆಟ್‌ಗೆ ಸಂಬಂಧಿಸಿದ ಮಾತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗ ಬಂದ ಅದೇ ನಕ್ಷೆ ಸಣ್ಣಪುಟ್ಟ ಬದಲಾವಣೆಯೊಂದಿಗೆ ದಶಕಗಟ್ಟಲೆ ನಡೆಯಿತು, ಹಾಗಾಗಿ 60ರ ದಶಕದ ಗಾಡಿಗೂ 80ರ ದಶಕದ ಗಾಡಿಗೂ ಕೆಲಸದ ರೀತಿ ಹೆಚ್ಚುಕಡಿಮೆ ಒಂದೇ. ಇಂಜಿನ್, ಗೇರ್‌ಬಾಕ್ಸ್ ಎರಡೂ ಒಂದೇ ಕವಚದಲ್ಲಿರುವ ಯುಸಿಇ ಇಂಜಿನ್‌ನ ಗಾಡಿ ನಿಮ್ಮದಾದರೆ ಇದು ನಿಮಗಲ್ಲ.

ಮೊದಲು ಕಾಯಿಲೆ ಯಾವುದು ಅಂತ ಗುರುತಿಸಿ. ಕ್ಲಚ್‌ಗೆ ಬರುವುದು ಎರಡೇ ತೊಂದರೆ: ಒಂದು ಜಾರುವುದು, ಇನ್ನೊಂದು ಬಿಡದೇ ಇರುವುದು. ಎರಡೂ ಒಟ್ಟಿಗೆ ಬರಬಹುದು, ಆಗ ತಲೆ ಕೆಡುತ್ತದೆ.

ಜಾರುವುದನ್ನು ಕಿಕ್ ಹೊಡೆಯುವಾಗಲೇ ಹಿಡಿಯಬಹುದು. ಈ ಗಾಡಿಯಲ್ಲಿ ಕಿಕ್ಕರ್‌ನ ಬಲ ಗೇರ್‌ಬಾಕ್ಸ್ ಮೂಲಕ ಕ್ಲಚ್‌ಗೆ, ಅಲ್ಲಿಂದ ಚೈನ್ ಮೂಲಕ ಇಂಜಿನ್‌ಗೆ ಹೋಗುತ್ತದೆ. ಆದ್ದರಿಂದ ಕಂಪ್ರೆಷನ್ ಬಂದಾಗ ಕಾಲು ಮೆತ್ತಗೆ ಕೆಳಗೆ ಇಳಿದು ಇಂಜಿನ್ ತಿರುಗದಿದ್ದರೆ ಪ್ಲೇಟ್ ಜಾರುತ್ತಿದೆ ಅಂತ ಅರ್ಥ. ಕಟಕಟ ಅಂತ ಸದ್ದು ಮಾಡಿ ಝಾಡಿಸಿದ ಹಾಗೆ ಇಳಿದರೆ ಅದು ಕಿಕ್ಕರ್‌ನ ಹಲ್ಲಿನ ಸಮಸ್ಯೆ, ಕ್ಲಚ್‌ನದ್ದಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಸುಮ್ನೆ ಕ್ಲಚ್ ಬಿಚ್ಚಿಸಿಕೊಂಡವರನ್ನು ನೋಡಿದ್ದೇನೆ.

ಬಿಡದಿರುವುದಕ್ಕೆ ಗುರುತು ಬೇರೆ. ಬೆಳಿಗ್ಗೆ ಮೊದಲ ಗೇರ್ ಹಾಕಿದ ಕೂಡಲೇ ಗಾಡಿ ಎಗರುತ್ತದೆ. ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ. ಹಿಮ್ಮಡಿಯಲ್ಲಿ ಒತ್ತುವ ನ್ಯೂಟ್ರಲ್ ಫೈಂಡರ್ ಕೂಡ ಕೆಲಸ ಮಾಡುತ್ತಿಲ್ಲ ಅನ್ನುವವರಿಗೆ ಒಂದು ಮಾತು: ಅದು ಎರಡು, ಮೂರು, ನಾಲ್ಕನೇ ಗೇರಿನಿಂದ ಮಾತ್ರ ನ್ಯೂಟ್ರಲ್‌ಗೆ ತರುತ್ತದೆ, ಮೊದಲನೇ ಗೇರಿನಿಂದ ತರುವುದಿಲ್ಲ. ಅದು ಕೆಟ್ಟಿದೆ ಅಂದುಕೊಳ್ಳುವ ಮೊದಲು ಯಾವ ಗೇರಿನಲ್ಲಿದ್ದೀರಿ ನೋಡಿ. ಇನ್ನೊಂದು ವಿಷಯ, ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಎಣ್ಣೆಗೆ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುವುದು ಸಹಜ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದು ಎರಡು ಮೂರು ಸಲ ಕಿಕ್ ಒತ್ತಿ ಬಿಡಿಸಿಕೊಂಡರೆ ಸಾಕು. ಅಷ್ಟರಲ್ಲಿ ಸರಿಹೋಗುವುದಾದರೆ ಅದು ರಿಪೇರಿಗೆ ಬಂದ ಕ್ಲಚ್ ಅಲ್ಲ.

ಬಿಚ್ಚುವ ಮೊದಲು ಅಡ್ಜಸ್ಟ್‌ಮೆಂಟ್ ನೋಡಲೇಬೇಕು. ಅರ್ಧ ಗಂಟೆಯ ಕೆಲಸ, ಖರ್ಚು ಇಲ್ಲ. ಹ್ಯಾಂಡಲ್ ಹತ್ತಿರ ಕೇಬಲ್‌ಗೆ ಎರಡು ಮೂರು ಮಿ.ಮೀ. ಸಡಿಲ ಇರಬೇಕು. ಸಡಿಲವೇ ಇಲ್ಲದಿದ್ದರೆ ನೀವು ಕೈ ಬಿಟ್ಟಾಗಲೂ ಕ್ಲಚ್ ಅರ್ಧ ಹಿಡಿದ ಹಾಗೇ ಇರುತ್ತದೆ, ಪ್ಲೇಟ್ ಸುಟ್ಟುಹೋಗುತ್ತದೆ. ಬರೀ ಕೇಬಲ್‌ನ ಅಡ್ಜಸ್ಟರ್ ತಿರುಗಿಸಿ ಬಿಡಬೇಡಿ. ಅದನ್ನು ಪೂರ್ತಿ ಸಡಿಲ ಮಾಡಿ, ಗೇರ್‌ಬಾಕ್ಸ್‌ನ ಬಲಗಡೆ ಕವರಿನ ಮೇಲಿರುವ ಸಣ್ಣ ಮುಚ್ಚಳ ತೆಗೆಯಿರಿ. ಒಳಗೆ ಲಾಕ್ ನಟ್ ಇರುವ ಸ್ಕ್ರೂ ಕಾಣುತ್ತದೆ. ನಟ್ ಸಡಿಲಿಸಿ, ಸ್ಕ್ರೂ ಪುಶ್ ರಾಡ್‌ಗೆ (ಕ್ಲಚ್ ಹಿಡಿದಾಗ ಪ್ಲೇಟ್ ಬಿಡಿಸಲು ತಳ್ಳುವ ಉದ್ದನೆಯ ಕಡ್ಡಿ) ತಾಗುವವರೆಗೆ ಮೆಲ್ಲಗೆ ಒಳಕ್ಕೆ ತಿರುಗಿಸಿ, ತಾಗಿದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತನ್ನಿ. ಸ್ಕ್ರೂ ಅಲುಗದ ಹಾಗೆ ಹಿಡಿದು ನಟ್ ಬಿಗಿ ಮಾಡಿ. ಆಮೇಲೆ ಮೇಲಿನ ಕೇಬಲ್ ಸಡಿಲ ಹೊಂದಿಸಿ. ಮೊದಲು ಕೆಳಗೆ, ಆಮೇಲೆ ಮೇಲೆ, ಈ ಕ್ರಮ ತಪ್ಪಬಾರದು.

ಕೇಬಲ್ ಕೂಡ ಒಮ್ಮೆ ನೋಡಿ. ಲಿವರ್ ಹತ್ತಿರ ಒಂದೆರಡು ಎಳೆ ಹರಿದಿದ್ದರೆ ಅದು ಹೊರಗಿನ ಕೊಳವೆಗೆ ಸಿಕ್ಕಿ ಗಟ್ಟಿಯಾಗುತ್ತದೆ. ಎಣ್ಣೆ ಬಿಡಬೇಕೆಂದರೆ ಕೇಬಲ್‌ನ ಮೇಲಿನ ತುದಿಗೆ ಪ್ಲಾಸ್ಟಿಕ್ ಕವರನ್ನು ಕೊಳವೆಯ ಹಾಗೆ ಸುತ್ತಿ ದಾರ ಕಟ್ಟಿ, ಅದರಲ್ಲಿ ತೆಳ್ಳಗಿನ ಎಣ್ಣೆ ಹಾಕಿ ರಾತ್ರಿ ನೇತುಹಾಕಿ. ಬೆಳಿಗ್ಗೆ ಕೆಳಗಿನ ತುದಿಯಿಂದ ಕಪ್ಪು ಎಣ್ಣೆ ಹನಿಯುತ್ತದೆ.

ಇಷ್ಟಾದರೂ ಸರಿಯಾಗದಿದ್ದರೆ ಬಿಚ್ಚಿ.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ಸಮ ನೆಲದಲ್ಲಿ ನಿಲ್ಲಿಸಿ. ಎಡಗಡೆಯ ಫುಟ್‌ರೆಸ್ಟ್ ತೆಗೆಯಿರಿ. ಈ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಎಡಗಡೆಗೇ ಇರುವುದರಿಂದ ಅದೂ ಅಡ್ಡ ಬರುತ್ತದೆ, ಬ್ರೇಕ್ ರಾಡಿನ ನಟ್ ಸಡಿಲಿಸಿ ಪೆಡಲ್ ಕೆಳಗಿಳಿಸಿ. ಕೆಲಸ ಮುಗಿದ ಮೇಲೆ ಹಿಂದಿನ ಬ್ರೇಕ್ ಮತ್ತೆ ಹೊಂದಿಸಬೇಕು ಅನ್ನುವುದನ್ನು ಈಗಲೇ ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿನ ಮೇಲೆ ಅಂಟಿಸಿ. ಮರೆತರೆ ಅಪಾಯ. ಕೆಳಗೆ ಅಗಲವಾದ ಟ್ರೇ ಇಟ್ಟು, ಕ್ಲಚ್ ಮತ್ತು ಅದರ ಚೈನನ್ನು ಮುಚ್ಚಿರುವ ಚೈನ್‌ಕೇಸ್ ಕವರ್ ಹಿಡಿದಿರುವ ನಡುವಿನ ದೊಡ್ಡ ನಟ್ ಬಿಚ್ಚಿ. ಒಂದೇ ನಟ್. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಅಲ್ಯೂಮಿನಿಯಂ ಅಂಚು ಗಾಯವಾದರೆ ಜೀವನಪೂರ್ತಿ ಎಣ್ಣೆ ಸೋರುತ್ತದೆ. ಅಂಗೈಯಿಂದ ಸುತ್ತಲೂ ತಟ್ಟಿ, ಬರುತ್ತದೆ.

ಸುರಿದ ಎಣ್ಣೆಯನ್ನು ಚೆಲ್ಲುವ ಮೊದಲು ನೋಡಿ. ಬೆಳ್ಳಿ ಪುಡಿಯಂತೆ ಹೊಳೆಯುತ್ತಿದ್ದರೆ ಕಬ್ಬಿಣವೋ ಅಲ್ಯೂಮಿನಿಯಮ್ಮೋ ಸವೆಯುತ್ತಿದೆ. ಸುಟ್ಟ ವಾಸನೆ ಬಂದರೆ ಪ್ಲೇಟ್ ಜಾರಿ ಕಾದಿದೆ. ತುಂಬಾ ಎಣ್ಣೆ ಇದ್ದರೆ, ಅದೂ ನೀವು ಹಾಕಿದ್ದಕ್ಕಿಂತ ಜಾಸ್ತಿ ಇದ್ದರೆ, ಗೇರ್‌ಬಾಕ್ಸ್‌ನ ಎಣ್ಣೆ ಪುಶ್ ರಾಡ್ ಹಾದು ಹೋಗುವ ಟೊಳ್ಳು ಶಾಫ್ಟಿನೊಳಗಿಂದ ಈ ಕಡೆಗೆ ಬರುತ್ತಿರಬಹುದು. ಆ ದಪ್ಪ ಗೇರ್ ಎಣ್ಣೆ ಪ್ಲೇಟಿಗೆ ತಾಗಿದರೆ ಕ್ಲಚ್ ಜಾರುತ್ತದೆ, ನೀವು ಎಷ್ಟೇ ಹೊಸ ಪ್ಲೇಟ್ ಹಾಕಿದರೂ ಜಾರುತ್ತದೆ. ರಾಡಿನ ಸುತ್ತ ಇರುವ ಸೀಲ್ ಬದಲಾಯಿಸುವುದೇ ಅದಕ್ಕೆ ಮದ್ದು.

ಈಗ ಪ್ರೆಷರ್ ಪ್ಲೇಟ್, ಅಂದರೆ ಸ್ಪ್ರಿಂಗ್ ಬಲದಲ್ಲಿ ಉಳಿದ ಪ್ಲೇಟುಗಳನ್ನು ಒತ್ತಿ ಹಿಡಿಯುವ ಹೊರಗಿನ ತಟ್ಟೆ. ಸ್ಪ್ರಿಂಗ್ ಸ್ಕ್ರೂಗಳನ್ನು ಒಂದೊಂದನ್ನೇ ಪೂರ್ತಿ ಬಿಚ್ಚಬೇಡಿ. ಎಲ್ಲವನ್ನೂ ಎರಡೆರಡು ಸುತ್ತಿನಂತೆ ಸರದಿಯಲ್ಲಿ ಸಡಿಲಿಸಿ, ಇಲ್ಲದಿದ್ದರೆ ಕೊನೆಯ ಸ್ಕ್ರೂ ಮೇಲೆ ಪೂರ್ತಿ ಒತ್ತಡ ಬಿದ್ದು ಅದರ ಮರೆ (ಥ್ರೆಡ್) ಹಾಳಾಗುತ್ತದೆ. ಪ್ರೆಷರ್ ಪ್ಲೇಟ್ ಹೊರಬಂದರೆ ಶಾಫ್ಟಿನ ತುದಿಯಲ್ಲಿ ಅಣಬೆಯಂಥ ಸಣ್ಣ ತುಂಡು ಕಾಣುತ್ತದೆ, ಅದರ ಹಿಂದೆ ಪುಶ್ ರಾಡ್. ಬೀಳಿಸಿ ಕಳೆದುಕೊಳ್ಳಬೇಡಿ. ಡ್ರಮ್ ಒಳಗೆ ದೊಡ್ಡ ಸರ್ಕ್ಲಿಪ್ (ಪ್ಲೇಟುಗಳನ್ನು ತಡೆದು ಹಿಡಿಯುವ ಉಕ್ಕಿನ ಬಳೆ) ಇದ್ದರೆ ಅದನ್ನು ತೆಗೆದು, ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಒಂದು ಪೇಪರಿನ ಮೇಲೆ ಸಾಲಾಗಿ ಇಡಿ, ಯಾವ ಮುಖ ಹೊರಗಿತ್ತು ಅಂತಲೂ ಗುರುತು ಮಾಡಿ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಹಳೇ ಪ್ಲೇಟುಗಳ ಲೈನಿಂಗ್‌ನಲ್ಲಿ, ಅಂದರೆ ಹಿಡಿತ ಕೊಡುವ ಪದರದಲ್ಲಿ, ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು ಧೂಳು ಎಬ್ಬಿಸಬೇಡಿ, ಒಣ ಪ್ಲೇಟನ್ನು ಎಮ್ರಿಯಲ್ಲಿ ಉಜ್ಜಬೇಡಿ. ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ.

ಇಲ್ಲಿಂದ ಮುಂದೆ ಅವಸರ ಬೇಡ, ಏಕೆಂದರೆ ಯಾವುದನ್ನು ಉಳಿಸಬೇಕು ಯಾವುದನ್ನು ಬಿಸಾಡಬೇಕು ಅಂತ ಇಲ್ಲೇ ತೀರ್ಮಾನವಾಗುವುದು. ಅಂಗಡಿಗೆ ಹೋದರೆ ಪೂರ್ತಿ ಸೆಟ್ಟೇ ಬದಲಾಯಿಸಿ ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಲವತ್ತು ವರ್ಷ ಹಳೆಯ ಮೂಲ ಡ್ರಮ್ಮು, ಅದರ ನಡುವಿನ ಹಲ್ಲಿರುವ ಹಬ್ಬು ಇನ್ನೂ ನೆಟ್ಟಗಿದ್ದರೆ ಅವನ್ನು ಉಳಿಸಿಕೊಳ್ಳಿ. ಈಗ ಬೀದಿಯಲ್ಲಿ ಸಿಗುವ ಎಷ್ಟೋ ನಕಲಿ ಭಾಗಗಳಿಗಿಂತ ಆ ಹಳೆಯ ಉಕ್ಕು ಗಟ್ಟಿ.

ಉಕ್ಕಿನ ಪ್ಲೇಟುಗಳಿಂದ ಶುರುಮಾಡಿ. ದಪ್ಪ ಗಾಜಿನ ತುಂಡು, ಹಳೇ ಕಿಟಕಿ ಗಾಜಾದರೂ ಆಗುತ್ತದೆ, ಅದರ ಮೇಲೆ ಪ್ಲೇಟ್ ಇಟ್ಟು ಒಂದೊಂದು ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಕುಲುಕಾಡಿದರೆ ಬಾಗಿದೆ. ಸಂದಿ ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್ ಇದ್ದರೆ 0.2 ಮಿ.ಮೀ. ಬ್ಲೇಡು ಕೆಳಗೆ ಸಲೀಸಾಗಿ ತೂರುವ ಪ್ಲೇಟನ್ನು ನಾನು ವಾಪಸ್ ಹಾಕುವುದಿಲ್ಲ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಚೆನ್ನಾಗಿ ಕಾದಿದೆ ಅಂತ, ಅಂಥದ್ದು ಸಾಮಾನ್ಯವಾಗಿ ಬಾಗಿಯೂ ಇರುತ್ತದೆ. ನೆಟ್ಟಗಿದ್ದು ಬರೀ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಅದೇ ಗಾಜಿನ ಮೇಲೆ ಎಮ್ರಿ ಪೇಪರ್ ಹಾಸಿ, ಸ್ವಲ್ಪ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಿ. ಹೊಳಪು ಹೋಗಿ ಮಂಕಾದರೆ ಸಾಕು.

ಲೈನಿಂಗ್ ಇರುವ ಪ್ಲೇಟಿನಲ್ಲಿ ಎರಡು ಬಗೆ. ಹಳೆಯದರಲ್ಲಿ ಕಾರ್ಕ್ ತುಂಡುಗಳು ತೂತಿನಲ್ಲಿ ಕೂತಿರುತ್ತವೆ, ಆಮೇಲಿನದರಲ್ಲಿ ಲೈನಿಂಗ್ ಅಂಟಿಸಿರುತ್ತಾರೆ. ಅಂಟಿಸಿದ್ದು ಎದ್ದಿದ್ದರೆ, ಬಿರುಕು ಬಿಟ್ಟಿದ್ದರೆ, ಸವೆದು ಲೋಹದ ಹತ್ತಿರ ಬಂದಿದ್ದರೆ ಹೊಸದು ತನ್ನಿ, ಅಥವಾ ಬ್ರೇಕ್ ಶೂ ಲೈನಿಂಗ್ ಮಾಡುವ ಅಂಗಡಿಯಲ್ಲಿ ಕೇಳಿ, ಎಣ್ಣೆಯಲ್ಲಿ ಓಡುವ ಕ್ಲಚ್ ಅಂತ ಬಾಯಿಬಿಟ್ಟು ಹೇಳಿ. ಕಾರ್ಕ್ ಆದರೆ ಮನೆಯಲ್ಲೇ ಮಾಡಬಹುದು. ಹೊಸ ಕಾರ್ಕ್ ತುಂಡುಗಳನ್ನು ಬಿಸಿನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತವೆ, ಹೆಬ್ಬೆರಳಿನಿಂದ ಒತ್ತಿ ತೂತಿಗೆ ಕೂರಿಸಿ, ಒಂದೆರಡು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಗಾಜಿನ ಮೇಲಿನ ಎಮ್ರಿಯಲ್ಲಿ ಎಲ್ಲವೂ ಒಂದೇ ಮಟ್ಟಕ್ಕೆ ಬರುವವರೆಗೆ ಉಜ್ಜಿ. ಒಂದು ತುಂಡು ಎತ್ತರ ಉಳಿದರೂ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಯಾವ ಬಗೆಯದಾದರೂ ಹೊಸ ಪ್ಲೇಟನ್ನು ಜೋಡಿಸುವ ಹಿಂದಿನ ರಾತ್ರಿ ಚೈನ್‌ಕೇಸ್‌ಗೆ ಹಾಕುವ ಎಣ್ಣೆಯಲ್ಲೇ ಮುಳುಗಿಸಿಡಿ.

ಸ್ಪ್ರಿಂಗ್‌ಗಳನ್ನು ಸಮ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ. ಒಂದು ಗಿಡ್ಡ ಕಂಡರೆ ಎಲ್ಲವನ್ನೂ ಬದಲಾಯಿಸಿ. ಹಳೇ ಸ್ಪ್ರಿಂಗ್ ಎಳೆದು ಉದ್ದ ಮಾಡುವವರಿದ್ದಾರೆ, ಮಾಡಬೇಡಿ, ವಾರದಲ್ಲಿ ಮತ್ತೆ ಕುಗ್ಗುತ್ತದೆ. ಜಾರುತ್ತದೆ ಅಂತ ಸ್ಪ್ರಿಂಗ್ ಕೆಳಗೆ ವಾಷರ್ ತುಂಬಿಸುವುದೂ ಬೇಡ. ಲಿವರ್ ಕಲ್ಲಿನಂತಾಗುತ್ತದೆ, ಕೇಬಲ್ ಹರಿಯುತ್ತದೆ, ನಿಜವಾದ ತೊಂದರೆ ಅಲ್ಲೇ ಉಳಿಯುತ್ತದೆ.

ಇನ್ನು ಡ್ರಮ್. ಪ್ಲೇಟಿನ ಹೊರಗಿನ ಕಿವಿಗಳು ಡ್ರಮ್ಮಿನ ಸೀಳುಗಳಲ್ಲಿ ಕೂರುತ್ತವೆ, ಇನ್ನರ್ಧ ಪ್ಲೇಟುಗಳ ಒಳಹಲ್ಲು ಹಬ್ಬಿನ ಮೇಲೆ ಕೂರುತ್ತದೆ. ಇಂಜಿನ್ ಎಳೆದಾಗೊಮ್ಮೆ, ಬಿಟ್ಟಾಗೊಮ್ಮೆ ಆ ಕಿವಿಗಳು ಸೀಳಿನ ಗೋಡೆಗೆ ಬಡಿಯುತ್ತಲೇ ಇರುತ್ತವೆ. ಸಾವಿರಾರು ಕಿಲೋಮೀಟರ್ ಬಡಿದ ಮೇಲೆ ಪ್ಲೇಟ್ ಕೂರುವ ಜಾಗದಲ್ಲಿ ಸರಿಯಾಗಿ ಒಂದು ಕಚ್ಚು ಬೀಳುತ್ತದೆ. ನೀವು ಕ್ಲಚ್ ಹಿಡಿದಾಗ ಪ್ಲೇಟ್ ಜಾರಿ ದೂರ ಸರಿಯಬೇಕು, ಅಲ್ವಾ? ಆದರೆ ಕಿವಿ ಆ ಕಚ್ಚಿನಲ್ಲಿ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಗಾಡಿ ತಳ್ಳುವುದು, ನ್ಯೂಟ್ರಲ್ ಸಿಗದಿರುವುದು. ಹೊಸ ಪ್ಲೇಟ್ ಹಾಕಿದರೆ ಅದು ಇನ್ನೂ ಬೇಗ ಕೆಡುತ್ತದೆ, ಏಕೆಂದರೆ ಹೊಸ ಕಿವಿ ಹಳೇ ಕಚ್ಚಿಗೆ ಪೂರ್ತಿ ಕೂರದೆ ಮೂಲೆಯಲ್ಲಿ ಮಾತ್ರ ತಾಗುತ್ತದೆ.

ಉಗುರನ್ನು ಸೀಳಿನ ಗೋಡೆಯ ಮೇಲೆ ಮೇಲಿಂದ ಕೆಳಗೆ ಎಳೆದು ನೋಡಿ. ತಡೆ ಸಿಕ್ಕ ಕಡೆ ಸೀಸದಕಡ್ಡಿಯಲ್ಲಿ ಗುರುತು ಮಾಡಿ. ಕಚ್ಚು ಮೇಲುಮೇಲೆ ಇದ್ದರೆ ಸಣ್ಣ ಹಲ್ಲಿನ ಚಪ್ಪಟೆ ಅರದಿಂದ ಗೋಡೆ ಸಮ ಮಾಡಬಹುದು. ಇಲ್ಲಿ ತಾಳ್ಮೆ ಬೇಕು. ಅರ ಓರೆಯಾಗಬಾರದು, ಗೋಡೆ ಮೊದಲಿನಂತೆ ನೇರ ಉಳಿಯಬೇಕು. ಪ್ರತಿ ಸೀಳಿನಲ್ಲೂ ಇಷ್ಟೇ ಸಲ ಅಂತ ಎಣಿಸಿ ಎಳೆಯಿರಿ, ನಾನು ಹತ್ತು ಸಲ ಎಳೆದು ಮುಂದಿನ ಸೀಳಿಗೆ ಹೋಗುತ್ತೇನೆ, ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ. ಒಂದೇ ಸೀಳನ್ನು ಮುಗಿಸಿಬಿಡೋಣ ಅಂತ ಹೋದರೆ ಒಂದು ಅಗಲ, ಇನ್ನೊಂದು ಕಿರಿದಾಗಿ ಭಾರವೆಲ್ಲ ಎರಡು ಮೂರು ಕಿವಿಗಳ ಮೇಲೇ ಬೀಳುತ್ತದೆ. ಕಚ್ಚಿನ ತಳ ಪೂರ್ತಿ ಮಾಯವಾಗಬೇಕೆಂದಿಲ್ಲ. ಅದರ ಚೂಪು ಅಂಚು ಹೋಗಿ, ಪ್ಲೇಟ್ ತಡೆಯಿಲ್ಲದೆ ಜಾರಿದರೆ ಆಯಿತು. ಹಬ್ಬಿನ ಹಲ್ಲುಗಳನ್ನೂ ಹೀಗೇ ಮಾಡಿ, ಪ್ಲೇಟಿನ ಕಿವಿಗಳಲ್ಲಿ ಮುಳ್ಳು ಎದ್ದಿದ್ದರೆ ಅದನ್ನೂ ಉಜ್ಜಿ ತೆಗೆಯಿರಿ. ಮುಗಿದ ಮೇಲೆ ಪ್ಲೇಟನ್ನು ಎಣ್ಣೆ ಹಚ್ಚದೆ ಡ್ರಮ್ಮಿನೊಳಗೆ ಬಿಟ್ಟು ನೋಡಿ, ತನ್ನ ಭಾರಕ್ಕೇ ತಳ ಮುಟ್ಟಬೇಕು.

ಕಚ್ಚು ಆಳವಾಗಿದ್ದು, ಒಂದು ಮಿ.ಮೀ. ಹತ್ತಿರ ಇದ್ದರೆ ಅರ ಹಾಕುವುದು ವ್ಯರ್ಥ. ಸೀಳು ಅಗಲವಾದಷ್ಟೂ ಬಡಿತ ಜಾಸ್ತಿ, ನ್ಯೂಟ್ರಲ್‌ನಲ್ಲಿ ನಿಂತಾಗ ಗಲಗಲ ಸದ್ದು. ಆಗ ಡ್ರಮ್ ಬದಲಾಯಿಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಹಳೇ ಡ್ರಮ್ ಜೊತೆಗೆ ಒಯ್ಯಿರಿ. ಹಲ್ಲು ಎಣಿಸಿ, ಹಳೇ ಪ್ಲೇಟ್ ಹೊಸ ಡ್ರಮ್ಮಿಗೆ ಕೂರಿಸಿ ನೋಡಿಯೇ ಹಣ ಕೊಡಿ.

ಡ್ರಮ್ ಗಾಡಿಯ ಮೇಲಿರುವಾಗಲೇ ಎರಡೂ ಕೈಯಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಚೆನ್ನಾಗಿ ಓಲಾಡಿದರೆ ಒಳಗಿನ ಬೇರಿಂಗ್ ಹೋಗಿದೆ, ಅದಕ್ಕೆ ಡ್ರಮ್ ಹೊರಗೆ ತೆಗೆಯಲೇಬೇಕು. ಈ ಕೆಲಸ ದೊಡ್ಡದು. ಚೈನ್ ಡಬ್ಬಲ್ ಸಾಲಿನದು, ಬಿಚ್ಚುವ ಲಿಂಕ್ ಇಲ್ಲ, ಹಾಗಾಗಿ ಇಂಜಿನ್ ಕಡೆಯ ಸ್ಪ್ರಾಕೆಟ್, ಚೈನ್, ಡ್ರಮ್ ಮೂರನ್ನೂ ಒಟ್ಟಿಗೆ ಎಳೆಯಬೇಕು. ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಮೊದಲು ಅದೂ ಬಿಚ್ಚಬೇಕು. ಹಬ್ ತಿರುಗದಂತೆ ಹಿಡಿಯಲು ಹಬ್ಬಿಗೆ ಕೂರುವ ಒಂದು ಹಾಳಾದ ಉಕ್ಕಿನ ಪ್ಲೇಟಿಗೆ ಉದ್ದನೆಯ ಪಟ್ಟಿ ವೆಲ್ಡ್ ಮಾಡಿಸಿಕೊಳ್ಳಿ, ಒಳ್ಳೆಯ ಹತಾರ. ನಟ್ಟಿನ ಲಾಕ್ ವಾಷರ್ ಬಗ್ಗಿಸಿದ್ದನ್ನು ನೆಟ್ಟಗೆ ಮಾಡಿ ನಟ್ ಬಿಚ್ಚಿ, ಹಬ್ಬನ್ನು ಪುಲ್ಲರ್‌ನಿಂದಲೇ ಎಳೆಯಿರಿ. ಸುತ್ತಿಗೆ ಹೊಡೆದರೆ ಗೇರ್‌ಬಾಕ್ಸ್ ಶಾಫ್ಟ್ ಹಾಳು. ವಾಪಸ್ ಹಾಕುವಾಗ ಲಾಕ್ ವಾಷರ್ ಹೊಸದೇ ಹಾಕಿ. ಆಲ್ಟರ್ನೇಟರ್‌ನ ತಿರುಗುವ ಭಾಗಕ್ಕೂ ಸುತ್ತಲಿನ ಕಾಯಿಲ್‌ಗೂ ನಡುವೆ ಎಲ್ಲಾ ಕಡೆ 0.2 ಮಿ.ಮೀ. ಆದರೂ ಅಂತರ ಇದೆಯಾ ಅಂತ ಸುತ್ತಲೂ ಬ್ಲೇಡ್ ತೂರಿಸಿ ನೋಡಿ, ಒಂದು ಕಡೆ ತಾಗಿದರೂ ಕಾಯಿಲ್ ಸುಟ್ಟುಹೋಗುತ್ತದೆ.

ಪುಶ್ ರಾಡನ್ನು ಮರೆಯಬೇಡಿ. ಹೊರಗೆಳೆದು ಗಾಜಿನ ಮೇಲೆ ಉರುಳಿಸಿ, ಬಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೆಲವು ಗಾಡಿಗಳಲ್ಲಿ ರಾಡ್ ಎರಡು ತುಂಡಾಗಿರುತ್ತದೆ, ಹೊರಬಂದ ಕ್ರಮದಲ್ಲೇ ಇಡಿ. ತುದಿ ಹೂವಿನಂತೆ ಅರಳಿದ್ದರೆ ಅಥವಾ ನೀಲಿಯಾಗಿದ್ದರೆ ಸಡಿಲ ಇಲ್ಲದೆ ಗಾಡಿ ಓಡಿದೆ ಅಂತ ಅರ್ಥ. ಹೊಸದು ಹಾಕಿ. ಉಜ್ಜಿ ಸರಿಮಾಡಿದರೆ ಗಟ್ಟಿ ಪದರ ಹೋಗಿ ಮತ್ತೆ ಸವೆಯುತ್ತದೆ.

ಜೋಡಿಸುವುದು ಬಿಚ್ಚಿದ್ದರ ಉಲ್ಟಾ. ರಾಡಿನ ಎರಡೂ ತುದಿಗೆ, ಆ ಅಣಬೆ ತುಂಡಿಗೆ ಸ್ವಲ್ಪ ಗ್ರೀಸ್. ಪ್ಲೇಟುಗಳು ಪೇಪರಿನ ಮೇಲಿದ್ದ ಕ್ರಮದಲ್ಲೇ. ಸ್ಪ್ರಿಂಗ್ ಸ್ಕ್ರೂಗಳನ್ನು ಮತ್ತೆ ಸರದಿಯಲ್ಲಿ ಬಿಗಿ ಮಾಡಿ. ಕವರ್ ಹಾಕುವ ಮೊದಲು ಇನ್ನೊಬ್ಬರನ್ನು ಕರೆದು ಕ್ಲಚ್ ಹಿಡಿಸಿ, ನೀವು ಕೈಯಿಂದ ಕಿಕ್ಕರ್ ಮೆಲ್ಲಗೆ ಒತ್ತಿ ಪ್ರೆಷರ್ ಪ್ಲೇಟ್ ತಿರುಗುವುದನ್ನು ನೋಡಿ. ಸುತ್ತಲೂ ಸಮನಾಗಿ ಎದ್ದು ನೆಟ್ಟಗೆ ತಿರುಗಬೇಕು. ಬೆಂಡಾದ ಚಕ್ರದಂತೆ ಓಲಾಡಿದರೆ ಒಂದು ಸ್ಪ್ರಿಂಗ್ ಸರಿಯಾಗಿ ಕೂತಿಲ್ಲ ಅಥವಾ ಸ್ಪ್ರಿಂಗ್‌ಗಳು ಒಂದೇ ಬಲದವಲ್ಲ. ಇದನ್ನು ಈಗಲೇ ಸರಿಮಾಡಿ, ಕವರ್ ಹಾಕಿದ ಮೇಲೆ ಕಾಣುವುದಿಲ್ಲ.

ಚೈನಿನ ಬಿಗಿ ಕೂಡ ಈಗಲೇ. ಇಂಜಿನ್ ತಿರುಗಿಸುತ್ತಾ ನಾಲ್ಕೈದು ಕಡೆ ಒತ್ತಿ ನೋಡಿ, ಅತಿ ಬಿಗಿಯಾದ ಜಾಗದಲ್ಲಿ ಮೇಲೆ ಕೆಳಗೆ ಸೇರಿ ಸುಮಾರು 6 ಮಿ.ಮೀ. ಆಡಬೇಕು. ಕವರಿನ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ಹೊಸದು ಹಾಕಿ. ಸೋರುತ್ತದೆ ಅಂತ ನಡುವಿನ ನಟ್ಟನ್ನು ಜೋರಾಗಿ ಬಿಗಿದರೆ ಕವರ್ ಬಾಗಿ ಇನ್ನೂ ಜಾಸ್ತಿ ಸೋರುತ್ತದೆ.

ಎಣ್ಣೆಯನ್ನು ಲೆವೆಲ್ ಪ್ಲಗ್ ತೆಗೆದು ಅಲ್ಲಿಂದ ಸೋರಲು ಶುರುವಾಗುವವರೆಗೆ ಹಾಕಿ, ಸೋರುವುದು ನಿಂತ ಮೇಲೆ ಮುಚ್ಚಿ. ನಾನು 20ಡಬ್ಲ್ಯು50 ಹಾಕುತ್ತೇನೆ. ಡಬ್ಬದ ಮೇಲೆ ಜಾಸೋ ಎಂಎ ಅಂತ ಇರಲಿ, ಅದು ಎಣ್ಣೆಯಲ್ಲಿ ಓಡುವ ಕ್ಲಚ್‌ಗೆ ಹೊಂದುತ್ತದೆ. ಮೈಲೇಜ್ ಹೆಚ್ಚಿಸುವ ಕಾರಿನ ಎಣ್ಣೆ ಬೇಡ, ಅದರಲ್ಲಿ ಜಾರಿಸುವ ರಾಸಾಯನಿಕ ಸೇರಿಸಿರುತ್ತಾರೆ. ಆಟೋಮ್ಯಾಟಿಕ್ ಗೇರ್‌ನ ಎಟಿಎಫ್ ಎಣ್ಣೆ ಹಾಕುವವರೂ ಇದ್ದಾರೆ. ಅದು ತೆಳುವಾದ್ದರಿಂದ ಮಲೆನಾಡಿನ ಚಳಿಯ ಬೆಳಿಗ್ಗೆ ಪ್ಲೇಟ್ ಬೇಗ ಬಿಡುತ್ತದೆ, ಆದರೆ ಸೀಲ್ ಹಳೆಯದಾಗಿದ್ದರೆ ಸೋರುವುದೂ ಬೇಗ.

ಮೊದಲ ಓಟ ಮನೆಯ ಹತ್ತಿರವೇ ಇರಲಿ. ಬ್ರೇಕ್ ಪೆಡಲ್ ಹೊಂದಿಸಿದಿರಾ, ಚೀಟಿ ನೋಡಿ. ಇಂಜಿನ್ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಏರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಕೊಡಿ, ಶಬ್ದ ಮತ್ತು ವೇಗ ಒಟ್ಟಿಗೆ ಏರಬೇಕು. ಆಮೇಲೆ ನಿಲ್ಲಿಸಿ, ಕ್ಲಚ್ ಹಿಡಿದು ನ್ಯೂಟ್ರಲ್ ಹುಡುಕಿ. ಎರಡೂ ಸರಿಯಿದ್ದರೆ ಮನೆಗೆ ಬಂದು, ಗಾಡಿ ತಣ್ಣಗಾದ ಮೇಲೆ ಕೇಬಲ್ ಸಡಿಲ ಮತ್ತೊಮ್ಮೆ ನೋಡಿ. ಹೊಸ ಲೈನಿಂಗ್ ಮೊದಲ ಕೆಲವು ದಿನ ಕೂರುತ್ತಾ ಹೋಗುತ್ತದೆ, ಆಗ ಸಡಿಲ ತಾನಾಗಿ ಕಡಿಮೆಯಾಗುತ್ತದೆ. ನಾನು 100 ಕಿ.ಮೀ.ಗೆ ಒಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ ಬಲಗಡೆಯ ಆ ಸಣ್ಣ ಮುಚ್ಚಳ ತೆಗೆದು ಸ್ಕ್ರೂ ಹೊಂದಿಸುತ್ತೇನೆ.